ಎರಡು ಕರೆಂಟಿನ ರೈಲು ಮತ್ತು ಬಿಲ್ಡ್ ಕಾಯುವವರು

ಕಲ್ಯಾಣ್ ದಾಟಿ, ಶಹಾಡ್, ಆಂಬಿವಲಿ ಆದ ಮೇಲೆ ಟಿಟ್ವಾಳಾ. ಅಂಗಾರಕ ಚತುರ್ಥಿಯಂದು ಗಣಪತಿಯ ದರ್ಶನಕ್ಕೆ ಬರುವವರಿಂದ ಕಿಕ್ಕಿರಿಯುವ ಊರು; ಉಳಿದ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಲೋಕಲ್ ಹಿಡಿದು ಥಾಣೆ, ದಾದರ್ ಕಡೆಗೆ ಕೆಲಸಕ್ಕೆ ಹೋಗುವವರ ಊರು. ಈ ಮಾರ್ಗದಲ್ಲಿ ಹಲವು ವರ್ಷ ಒಂದು ದೊಡ್ಡ ಕೆಲಸ ನಡೆಯಿತು. ಮುಂಬಯಿಯ ಲೋಕಲ್‌ಗಳು 1925ರಿಂದ ಓಡುತ್ತಿದ್ದುದು 1500 ವೋಲ್ಟಿನ ಡಿಸಿ ವಿದ್ಯುತ್ತಿನಲ್ಲಿ. ಅದನ್ನು 25,000 ವೋಲ್ಟಿನ ಎಸಿಗೆ ಬದಲಿಸಬೇಕಿತ್ತು. ಓಡಾಟ ನಿಲ್ಲಿಸಿ ಮಾಡುವ ಹಾಗಿರಲಿಲ್ಲ, ಒಂದೇ ರಾತ್ರಿಯಲ್ಲಿ ಮುಗಿಯುವಂಥದ್ದೂ ಆಗಿರಲಿಲ್ಲ. ತುಂಡು ತುಂಡಾಗಿ ಬದಲಿಸುತ್ತ, ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ ಅದು ಸಿಎಸ್‌ಟಿ ಮುಟ್ಟಿದ್ದು 2015ರಲ್ಲಿ. ಅಲ್ಲಿಯವರೆಗೂ ಅದೇ ರೈಲು ಅರ್ಧ ದಾರಿ ಒಂದು ಕರೆಂಟಿನಲ್ಲಿ, ಇನ್ನರ್ಧ ಇನ್ನೊಂದರಲ್ಲಿ ಓಡಬೇಕಿತ್ತು. ಅದಕ್ಕೆಂದೇ ಎರಡನ್ನೂ ತಾಳಿಕೊಳ್ಳುವ ರೈಲುಗಳನ್ನು ತರಿಸಲಾಯಿತು. ಗಡಿ ದಾಟುವಾಗ ದೀಪ, ಫ್ಯಾನು ಕೆಲವು ಕ್ಷಣ ಆರಿ ಮತ್ತೆ ಹತ್ತಿಕೊಳ್ಳುತ್ತಿದ್ದವು. ಪ್ರಯಾಣಿಕರ ಪಾಲಿಗೆ ಆ ಕೆಲಸವೆಲ್ಲ ಅಷ್ಟೇ.

ತಂತ್ರಾಂಶ ಲೋಕದಲ್ಲೂ ಇಂಥದೇ ಒಂದು ಕೆಲಸವಿದೆ. ಅದನ್ನು ಮಾಡುವವರನ್ನು ಬಿಲ್ಡ್ ನೋಡಿಕೊಳ್ಳುವವರು ಎನ್ನಬಹುದು. ಪ್ರೋಗ್ರಾಮರ್ ಬರೆದ ಸೋರ್ಸ್ ಕೋಡ್ ಹಾಗೇ ಓಡುವುದಿಲ್ಲ. ಅದನ್ನು ಕಂಪೈಲ್ ಮಾಡಿ, ಅದಕ್ಕೆ ಬೇಕಾದ ಲೈಬ್ರರಿಗಳನ್ನು ಜೋಡಿಸಿ, ವಿಂಡೋಸ್‌ಗೆ ಒಂದು, ಮ್ಯಾಕ್‌ಗೆ ಒಂದು, ಲಿನಕ್ಸ್‌ಗೆ ಒಂದು ಎಂದು ಕಟ್ಟಿ ಕೊಡಬೇಕು. ಕಟ್ಟುವ ಕ್ರಮವನ್ನು ಹೇಳುವ ಕಡತಗಳೇ ಬಿಲ್ಡ್ ವ್ಯವಸ್ಥೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್, ತೊಂಬತ್ತರ ದಶಕದ ಆಟೊಕಾನ್ಫ್, 2000ದಲ್ಲಿ ಶುರುವಾದ ಸಿಮೇಕ್, ಆಮೇಲಿನ ಮೆಸಾನ್, ಇವೆಲ್ಲ ಅದಕ್ಕೆಂದೇ ಹುಟ್ಟಿದ ಸಲಕರಣೆಗಳು.

ಕನ್ನಡ ಓದುವವರಿಗೂ ಇದಕ್ಕೂ ಏನು ಸಂಬಂಧ? ಈ ಸಾಲಿನಲ್ಲಿರುವ ‘ಸಂಬಂಧ’ವನ್ನು ಬಿಟ್ಟು ‘ಅರ್ಕ’, ‘ರಾಷ್ಟ್ರ’, ‘ಲಕ್ಷ್ಮಿ’ ಎಂಬ ಮಾತುಗಳನ್ನು ನೋಡಿದರೆ ಸಾಕು. ಒತ್ತು ಕೆಳಗೆ ಕೂರಬೇಕು, ಅರ್ಕಾವೊತ್ತು ಪಕ್ಕಕ್ಕೆ ಸರಿಯಬೇಕು. ಅಕ್ಷರಗಳನ್ನು ಹೀಗೆ ಕೂಡಿಸುವ ಕೆಲಸವನ್ನು ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗಳಲ್ಲಿ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅದು ಎಲ್ಲೆಲ್ಲೂ ಓಡಬೇಕಾದ್ದರಿಂದ ಒಂದು ಕಾಲಕ್ಕೆ ಅದರಲ್ಲಿ ಆಟೊಟೂಲ್ಸ್, ಸಿಮೇಕ್, ಮೆಸಾನ್ ಮೂರು ಬಿಲ್ಡ್ ವ್ಯವಸ್ಥೆಗಳು ಅಕ್ಕಪಕ್ಕದಲ್ಲೇ ಇದ್ದವು. ಹೊಸ ಕಡತವೊಂದನ್ನು ಸೇರಿಸಿದರೆ ಮೂರು ಕಡೆಯೂ ತಿಳಿಸಬೇಕು, ಒಂದು ಕಡೆ ಮರೆತರೂ ಯಾರದೋ ಗಣಕದಲ್ಲಿ ಬಿಲ್ಡ್ ಮುರಿಯುತ್ತದೆ.

ಟೈಪಿಂಗಿನ ಕಥೆಯೂ ಇದೇ. ಕರ್ನಾಟಕ ಸರ್ಕಾರ ಒಪ್ಪಿಕೊಂಡಿರುವ ಕೀಲಿಮಣೆ ವಿನ್ಯಾಸಕ್ಕೆ ಆಧಾರ ಕೆ. ಪಿ. ರಾವ್ ಅವರ ವಿನ್ಯಾಸ. ಕಿನ್ನಿಕಂಬಳದಲ್ಲಿ ಹುಟ್ಟಿದ ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಲಿನಕ್ಸ್‌ನಲ್ಲಿ ಆ ವಿನ್ಯಾಸ ಸಿಗುವುದು ಜಪಾನಿನಲ್ಲಿ ಹುಟ್ಟಿದ ಎಂ17ಎನ್ ಎಂಬ ಲೈಬ್ರರಿಯ ಜೊತೆಗಿರುವ ಒಂದು ಸಣ್ಣ ಪಠ್ಯಕಡತದಿಂದ. ಟಿಟ್ವಾಳಾದ ಮನೆಯೊಂದರಲ್ಲಿ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡು ಊರಿನ ಅಮ್ಮನಿಗೆ ಕನ್ನಡದಲ್ಲಿ ಪತ್ರ ಬರೆಯುವವರು ಮುಂಬಯಿಯಲ್ಲಿ ದುಡಿದ ಕನ್ನಡಿಗರೊಬ್ಬರ ಆಲೋಚನೆಯನ್ನೇ ಬೆರಳಲ್ಲಿ ಆಡಿಸುತ್ತಿರುತ್ತಾರೆ. ಆ ಆಲೋಚನೆ ಅಲ್ಲಿಗೆ ತಲುಪಿದ್ದು ಹೊಸ ಕಂಪೈಲರ್ ಬಂದಾಗಲೆಲ್ಲ ಆ ಲೈಬ್ರರಿಯನ್ನು ಮತ್ತೆ ಕಟ್ಟಿ, ಮುರಿದಲ್ಲಿ ಸರಿಮಾಡಿ, ಪೊಟ್ಟಣ ಮಾಡಿದವರಿಂದ.

ಈ ಕೆಲಸದಲ್ಲಿ ಸಮಯ ತಿನ್ನುವುದು ಸಣ್ಣ ಸಂಗತಿಗಳು. ಲಿನಕ್ಸ್‌ಗೆ ದೊಡ್ಡಕ್ಷರ, ಸಣ್ಣಕ್ಷರದ ಕಡತದ ಹೆಸರುಗಳು ಬೇರೆ ಬೇರೆ; ವಿಂಡೋಸ್‌ಗೆ ಸಾಮಾನ್ಯವಾಗಿ ಎರಡೂ ಒಂದೇ. ಸಾಲು ಮುಗಿಯುವ ಗುರುತು ಒಂದೊಂದರಲ್ಲಿ ಒಂದೊಂದು. ಕನ್ನಡದಲ್ಲಿ ಎದುರಾಗುವ ಗೋಳೂ ಒಂದಿದೆ. ಯುನಿಕೋಡ್‌ನಲ್ಲಿ ‘ಕೊ’ ಎಂಬುದನ್ನು ಕಕಾರಕ್ಕೆ ಒಕಾರದ ಒಂದೇ ಚಿಹ್ನೆ ಸೇರಿಸಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಒಂದರ ಹಿಂದೆ ಒಂದು ಇಟ್ಟೂ ಬರೆಯಬಹುದು. ಎರಡೂ ಸರಿ, ಕಣ್ಣಿಗೆ ಎರಡೂ ಒಂದೇ. ಆದರೆ ಹಳೆಯ ಮ್ಯಾಕ್‌ಗಳ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಟ್ಟುಕೊಳ್ಳುತ್ತಿತ್ತು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ. ‘ಕೊಡಗು’ ಎಂಬ ಕಡತವನ್ನು ಹುಡುಕುವ ಸ್ಕ್ರಿಪ್ಟು ಒಂದು ಕಡೆ ನಡೆದು ಇನ್ನೊಂದು ಕಡೆ ‘ಅಂಥ ಕಡತವಿಲ್ಲ’ ಎಂದು ನಿಂತರೆ, ಕಣ್ಣೆದುರೇ ಇರುವ ಕಡತ ಯಾಕೆ ಕಾಣುತ್ತಿಲ್ಲ ಎಂದು ಯಾರೋ ಒಂದು ಭಾನುವಾರವಿಡೀ ತಲೆ ಕೆರೆದುಕೊಳ್ಳಬೇಕು. ಕೊನೆಗೆ ತಿದ್ದುವುದು ಒಂದು ಸಾಲು. ಆ ಸಾಲಿಗೆ ಯಾರೂ ಹಾರ ಹಾಕುವುದಿಲ್ಲ.

ಹಾರ ಬೇಡ, ಸರಿ. ಆದರೆ ಕಣ್ಣೇ ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಮಾರ್ಚ್ ತೋರಿಸಿತು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಪುಟ್ಟ ತಂತ್ರಾಂಶ, ಬಹುಪಾಲು ಲಿನಕ್ಸ್ ಗಣಕಗಳಲ್ಲಿ ಇರುವಂಥದ್ದು. ವರ್ಷಗಟ್ಟಲೆ ಅದನ್ನು ನೋಡಿಕೊಂಡವರು ಹೆಚ್ಚುಕಡಿಮೆ ಒಬ್ಬರೇ, ಲಾಸೆ ಕಾಲಿನ್, ಅದೂ ಸಂಬಳವಿಲ್ಲದೆ. ಕೆಲಸ ನಿಧಾನವೆಂದು ಅವರ ಮೇಲೆ ಒತ್ತಡ ಬಂತು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬರು ನೆರವಿಗೆ ಬಂದರು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದರು, ಕೊನೆಗೆ ದೂರದ ಗಣಕಗಳಿಗೆ ಕಳ್ಳದಾರಿ ತೆರೆಯುವ ಕೋಡನ್ನು ಸೇರಿಸಿದರು. ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ತಮ್ಮ ಗಣಕದಲ್ಲಿ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದ್ದರಿಂದ ಅದು ಸಿಕ್ಕಿತು.

ಆ ಕಳ್ಳದಾರಿ ಇದ್ದದ್ದೆಲ್ಲಿ ಎಂಬುದೇ ಇಲ್ಲಿ ಮುಖ್ಯ. ಮುಖ್ಯ ಕೋಡನ್ನು ನಾಲ್ಕು ಜನ ಓದುತ್ತಾರೆ, ಆದ್ದರಿಂದ ಅದನ್ನು ಅಲ್ಲಿ ಇಡಲಿಲ್ಲ. ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ ಅಡಗಿಸಿ, ಅದನ್ನು ಎಬ್ಬಿಸುವ ಸಾಲುಗಳನ್ನು ಬಿಲ್ಡ್ ಸ್ಕ್ರಿಪ್ಟಿನಲ್ಲಿ ಇಡಲಾಗಿತ್ತು. ಅವೂ ಎಲ್ಲರಿಗೂ ಕಾಣುವ ಕೋಡ್ ಭಂಡಾರದಲ್ಲಿರಲಿಲ್ಲ. ಬಿಡುಗಡೆಗೆಂದು ಕಟ್ಟಿದ ಪೊಟ್ಟಣದಲ್ಲಿ ಮಾತ್ರ ಇದ್ದವು. ಇನ್ನೊಂದು ಕಿತಾಪತಿ ಮತ್ತಷ್ಟು ಸಣ್ಣದು. ಬಿಲ್ಡ್ ವ್ಯವಸ್ಥೆ ಪ್ರತಿ ಗಣಕಕ್ಕೂ ‘ನಿನ್ನಲ್ಲಿ ಈ ಸೌಲಭ್ಯ ಇದೆಯೇ’ ಎಂದು ಕೇಳುವ ರೀತಿ ಹೀಗೆ: ಪುಟ್ಟ ಪ್ರೋಗ್ರಾಮನ್ನು ಕಂಪೈಲ್ ಮಾಡಿ ನೋಡುತ್ತದೆ, ಆದರೆ ಇದೆ, ಆಗದಿದ್ದರೆ ಇಲ್ಲ. ಆ ಪುಟ್ಟ ಪ್ರೋಗ್ರಾಮಿನಲ್ಲಿ ಒಂದೇ ಒಂದು ಚುಕ್ಕೆ ಇಡಲಾಗಿತ್ತು. ಚುಕ್ಕೆ ಇರುವುದರಿಂದ ಅದು ಎಂದೂ ಕಂಪೈಲ್ ಆಗದು. ಗಣಕದಲ್ಲಿ ಆ ರಕ್ಷಣಾ ಸೌಲಭ್ಯ ಇದ್ದರೂ ಬಿಲ್ಡ್ ಸದ್ದಿಲ್ಲದೆ ‘ಇಲ್ಲ’ ಎಂದು ಬರೆದುಕೊಂಡು ಮುಂದೆ ಹೋಗುತ್ತಿತ್ತು. ಬೇರೆ ಬೇರೆ ಗಣಕಗಳಿಗೆ ಹೊಂದಿಕೊಳ್ಳಲೆಂದು ಇದ್ದ ಉದಾರತೆಯೇ ಬಾಗಿಲಾಯಿತು.

ಎಲ್ಲವೂ ಬ್ರೌಸರಿನಲ್ಲಿ ನಡೆಯುವ ಈ ಕಾಲದಲ್ಲಿ ಮೂರು ವೇದಿಕೆಗಳ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಆದರೆ ಬ್ರೌಸರನ್ನೂ ಯಾರೋ ಮೂರು ವೇದಿಕೆಗೆ ಕಟ್ಟಬೇಕು. ದೊಡ್ಡ ಕಂಪನಿಗಳು ನೋಡಿಕೊಳ್ಳುತ್ತವೆ ಎಂಬ ಮಾತೂ ಇದೆ. ನೋಡಿಕೊಳ್ಳುತ್ತವೆ, ತಮಗೆ ಬೇಕಾದಷ್ಟು ದಿನ, ತಮಗೆ ಬೇಕಾದ ಗಣಕಗಳ ಮಟ್ಟಿಗೆ. ಜಗತ್ತಿನ ಅದೆಷ್ಟೋ ತಂತ್ರಾಂಶಗಳಿಗೆ ಆಧಾರವಾದ ಆಟೊಕಾನ್ಫ್‌ನ 2.69ನೇ ಆವೃತ್ತಿ ಬಂದದ್ದು 2012ರಲ್ಲಿ, ಮುಂದಿನ 2.70 ಬಂದದ್ದು 2020ರ ಡಿಸೆಂಬರಿನಲ್ಲಿ. ಎಂಟು ವರ್ಷ ಎಲ್ಲರೂ ಬಳಸಿದರು. ಮಾಡುವವರಿಗೆ ಹಣದ ನೆರವು ಸಿಕ್ಕ ಮೇಲೆ ಕೆಲಸ ಮುಂದೆ ಸಾಗಿತು. ಹಳೆಯದನ್ನು ಎಸೆದು ಹೊಸ ಸಲಕರಣೆಗೆ ಹೋದರೆ ಮುಗಿಯಿತಲ್ಲ ಎನ್ನುವ ಮೂರನೆಯ ವಾದದಲ್ಲಿ ನಿಜವಿದೆ; ಹೊಸವು ಓದಲು ಸುಲಭ, ಓದಲು ಸುಲಭವಾದದ್ದರಲ್ಲಿ ಕಳ್ಳಚುಕ್ಕೆ ಅಡಗಿಸುವುದು ಕಷ್ಟ. ಆದರೆ ಆ ಚುಕ್ಕೆ ಇದ್ದದ್ದು ಹೊಸ ಕಾಲದ ಸಿಮೇಕ್ ಕಡತದಲ್ಲೇ. ಸಲಕರಣೆ ಯಾವುದಾದರೂ ಇರಲಿ, ಓದುವ ಕಣ್ಣು ಬೇಕು.

ಹಾಗಾದರೆ ಕನ್ನಡದವರು ಮಾಡಬೇಕಾದ್ದೇನು? ಮೊದಲನೆಯದು ದುಡ್ಡಿನ ಮಾತು. ಕನ್ನಡ ತಂತ್ರಾಂಶಕ್ಕೆ ಹಣ ಕೊಡುವ ಸರ್ಕಾರ, ಅಕಾಡೆಮಿ, ಸಂಘಗಳು ಬಿಡುಗಡೆಯ ಸಮಾರಂಭಕ್ಕೆ ಕೊಡುವ ಗಮನವನ್ನು ಬಿಡುಗಡೆಯ ಮರುವರ್ಷಕ್ಕೂ ಕೊಡಬೇಕು. ಪ್ರತಿ ಯೋಜನೆಯಲ್ಲೂ ಒಂದು ಪಾಲು ಬಿಲ್ಡ್ ಮತ್ತು ಪರೀಕ್ಷೆಗೆಂದೇ ಮೀಸಲಿರಲಿ, ಮೂರು ವೇದಿಕೆಗಳಲ್ಲೂ ತಾನಾಗಿ ಬಿಲ್ಡ್ ಆಗಿ ತೋರಿಸದೆ ಕೊನೆಯ ಕಂತು ಸಿಗದಿರಲಿ. ಇದು ಅಸಾಧ್ಯದ ಬೇಡಿಕೆಯಲ್ಲ. ಜರ್ಮನಿ 2022ರಲ್ಲಿ ಇಂಥ ಮೂಲಸೌಕರ್ಯದ ತಂತ್ರಾಂಶಗಳಿಗೆಂದೇ ಸರ್ಕಾರಿ ನಿಧಿ ತೆರೆಯಿತು. ಬೆಂಗಳೂರಿನ ಝೆರೋಧಾ 2024ರಲ್ಲಿ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿಯನ್ನು ಘೋಷಿಸಿತು. ಕರ್ನಾಟಕದ ನೆಲದಲ್ಲೇ ಮಾದರಿ ಇರುವಾಗ ಸರ್ಕಾರ ಕಾಯಬೇಕಾದ ಕಾರಣವಿಲ್ಲ.

ಎರಡನೆಯದು ದುಡ್ಡಿಲ್ಲದವರೂ ಮಾಡಬಹುದಾದ್ದು, ಟಿಟ್ವಾಳಾದಂಥ ಊರಿನವರಿಂದಲೇ ಚೆನ್ನಾಗಿ ಆಗುವಂಥದ್ದು. ಬಿಲ್ಡ್ ನೋಡಿಕೊಳ್ಳುವ ಒಬ್ಬರ ಬಳಿ ಎಲ್ಲ ಬಗೆಯ ಗಣಕಗಳೂ ಇರುವುದಿಲ್ಲ. ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಅವೆಲ್ಲ ಇವೆ: ಮಗಳ ಹೊಸ ಮ್ಯಾಕ್, ಅಪ್ಪನ ಹತ್ತು ವರ್ಷದ ವಿಂಡೋಸ್ ಲ್ಯಾಪ್‌ಟಾಪು, ಮೂಲೆಯಲ್ಲಿ ಕೂತ ಹಳೆಯ ಡೆಸ್ಕ್‌ಟಾಪು. ತಿಂಗಳಿಗೊಂದು ಭಾನುವಾರ, ತಾವು ಬಳಸುವ ಕನ್ನಡ ಫಾಂಟನ್ನೋ ಕೀಲಿಮಣೆಯನ್ನೋ ಅದರ ಸೋರ್ಸಿನಿಂದ ಕಟ್ಟಿ ನೋಡಿ, ಎಲ್ಲಿ ನಿಂತಿತು ಎಂಬುದನ್ನು ತೆರೆಯ ಮೇಲೆ ಬಂದ ಮಾತು ಸಹಿತ ಬರೆದು ಕಳಿಸಿದರೆ ಅದು ದೊಡ್ಡ ನೆರವು. ‘ಆಗುತ್ತಿಲ್ಲ’ ಎಂದಷ್ಟೇ ಬರೆಯುವುದು ಒತ್ತಡ, ಹೇಗೆ ಆಗುತ್ತಿಲ್ಲ ಎಂದು ಬರೆಯುವುದು ಸಹಾಯ. ಲಾಸೆ ಕಾಲಿನ್ ಅವರಿಗೆ ಬೇಕಿದ್ದದ್ದು ಇಂಥ ಎರಡನೆಯ ಬಗೆಯ ನಾಲ್ಕು ಜನ. ಅವರು ಬರಲಿಲ್ಲ, ಆ ಜಾಗಕ್ಕೆ ಜಿಯಾ ಟಾನ್ ಬಂದ.

ಇಂದು ಟಿಟ್ವಾಳಾದ ಲೋಕಲ್ ದೀಪ ಆರಿಸದೆ ಸಿಎಸ್‌ಎಂಟಿ ತಲುಪುತ್ತದೆ. ತಂತಿ ಬದಲಿಸಿದವರ ಹೆಸರು ಬೋಗಿಯಲ್ಲಿ ಬರೆದಿಲ್ಲ, ಆದರೆ ಅವರಿಗೆ ಸಂಬಳವಿತ್ತು, ಪಾಳಿಯಿತ್ತು, ಒಬ್ಬ ದಣಿದರೆ ಇನ್ನೊಬ್ಬನಿದ್ದ. ಕನ್ನಡವನ್ನು ಗಣಕದಿಂದ ಗಣಕಕ್ಕೆ ದಾಟಿಸುವವರಿಗೂ ಅಷ್ಟನ್ನು ಕೊಡುವುದು ಹೆಚ್ಚೇನಲ್ಲ.