ನಡಿಗೆ ಕಲಿಸುವ ರೋಬೋಟ್: ವಳಕಮದಿನ್ನಿಗೆ ಎಷ್ಟು ದೂರ?

ಪಾರ್ಶ್ವವಾಯು ಬಡಿದವರಿಗೆ ಮತ್ತೆ ನಡಿಗೆ ಕಲಿಸಲು ರೋಬೋಟ್ ಯಂತ್ರಗಳು ಬಂದಿವೆ. ಸ್ವಿಟ್ಜರ್ಲೆಂಡಿನ ‘ಲೋಕೋಮ್ಯಾಟ್’ ಅಂಥದ್ದೊಂದು. ರೋಗಿಯನ್ನು ಬೆಲ್ಟುಗಳ ಆಸರೆಯಲ್ಲಿ ನಿಲ್ಲಿಸಿ, ಟ್ರೆಡ್‌ಮಿಲ್ ಮೇಲೆ ಒಂದೇ ಲಯದಲ್ಲಿ ನೂರಾರು ಹೆಜ್ಜೆ ಹಾಕಿಸುತ್ತದೆ.

ಇದರಿಂದ ಪ್ರಯೋಜನವಿದೆಯೇ? ಇದೆ. 62 ಪ್ರಯೋಗಗಳ 2,440 ರೋಗಿಗಳನ್ನು ಪರಿಗಣಿಸಿದ ಕಾಕ್ರೇನ್ ಸಂಸ್ಥೆಯ 2020ರ ಸಮೀಕ್ಷೆಯ ಪ್ರಕಾರ, ಫಿಸಿಯೋಥೆರಪಿಯ ಜೊತೆಗೆ ಯಂತ್ರವನ್ನೂ ಬಳಸಿದಾಗ ಆಸರೆಯಿಲ್ಲದೆ ನಡೆಯುವವರ ಸಂಖ್ಯೆ ಹೆಚ್ಚುತ್ತದೆ. ಹೆಚ್ಚಿನ ಲಾಭ ಮೊದಲ ಮೂರು ತಿಂಗಳಲ್ಲಿರುವವರಿಗೆ ಮತ್ತು ನಡೆಯಲಾಗದವರಿಗೆ.

ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಇಂಥ ಯಂತ್ರಗಳಿರುವುದು ದೊಡ್ಡ ನಗರಗಳಲ್ಲಿ. ರಾಯಚೂರು ಜಿಲ್ಲೆಯ ವಳಕಮದಿನ್ನಿಯಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ. ಎದ್ದು ನಿಲ್ಲಲಾಗದವರನ್ನು ಅಷ್ಟು ದೂರ ಕರೆದೊಯ್ದು, ಕೂಲಿ ಬಿಟ್ಟು ವಾರಗಟ್ಟಲೆ ಜೊತೆಗಿರುವವರು ಯಾರು? ಅಮೂಲ್ಯವಾದ ಆ ಮೂರು ತಿಂಗಳು ಮಂಚದ ಮೇಲೆಯೇ ಕಳೆದುಹೋದೀತು.

ಯಂತ್ರ ಬೇಡವೆಂದಲ್ಲ. ಆದರೆ ಅದು ಫಿಸಿಯೋಥೆರಪಿಗೆ ಪೂರಕವೇ ಹೊರತು ಬದಲಿಯಲ್ಲ. ಮಸ್ಕಿ, ಸಿಂಧನೂರು, ಲಿಂಗಸುಗೂರಿನಂಥ ಊರುಗಳಲ್ಲಿ ಬಡವರ ಕೈಗೆಟಕುವ ಫಿಸಿಯೋಥೆರಪಿ ಮೊದಲು ಬೇಕು. ಪಂಚಾಯತ್ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ವ್ಯವಸ್ಥೆ ರಾಜ್ಯದಲ್ಲಿದೆ. ರೋಗಿ ಆಸ್ಪತ್ರೆಯಿಂದ ಮನೆಗೆ ಬಂದ ಸುದ್ದಿ ಅದೇ ವಾರ ಅವರಿಗೆ ಮುಟ್ಟಬೇಕು.

ರೋಗಿಗಳ ಮನೆಗೆ ಹೋಗುವ ನಮ್ಮ ಧರ್ಮಕೇಂದ್ರದ ಕಾರ್ಯಕರ್ತರೂ ಒಂದು ಮಾತು ತಪ್ಪದೆ ಕೇಳಲಿ: ‘ಪಾರ್ಶ್ವವಾಯು ಬಡಿದು ಎಷ್ಟು ದಿನವಾಯಿತು? ವ್ಯಾಯಾಮ ಶುರುವಾಗಿದೆಯೇ?’