ಕರಿಹೊಗೆಗೆ ತಿರುಪು ಮದ್ದಲ್ಲ

ಹಳೆಯ ಪೆಟ್ರೋಲು ಲಾರಿಯ ಸೈಲೆನ್ಸರಿನಿಂದ ಕರಿಹೊಗೆ ಹೊರಟಿತೆಂದರೆ, ಎಂಜಿನನ್ನು ನೋಡುವವರ ಕೈ ಮೊದಲು ಹೋಗುವುದು ಕಾರ್ಬ್ಯುರೇಟರಿನ ಹೊರಗಿರುವ ತಿರುಪಿಗೆ. ಈ ಅಭ್ಯಾಸವನ್ನು ಬಿಡಬೇಕೆಂಬುದು ನನ್ನ ಅಭಿಪ್ರಾಯ. ಎಂಜಿನು ನಿಂತಲ್ಲಿಯೇ ಮೆಲ್ಲನೆ ತಿರುಗುವಾಗಿನ ಮಿಶ್ರಣವನ್ನು ಮಾತ್ರ ಆ ತಿರುಪು ಹದಗೊಳಿಸತಕ್ಕದ್ದು. ಭಾರ ಹೊತ್ತು ಏರು ಹತ್ತುವಾಗ ಅದರ ಮಾತು ನಡೆಯುವುದಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ರಸ್ತೆಗಳಲ್ಲಿ ಈಗ ಓಡುವ ಲಾರಿಗಳು ಬಹುಮಟ್ಟಿಗೆ ಡೀಸೆಲಿನವು. ಅವಕ್ಕೆ ಕಾರ್ಬ್ಯುರೇಟರೇ ಇಲ್ಲ. 1954ರಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಸೇರಿ ಜಮ್‌ಶೇಡ್‌ಪುರದಲ್ಲಿ ಡೀಸೆಲ್ ಲಾರಿಗಳನ್ನು ತಯಾರಿಸತೊಡಗಿದ ಮೇಲೆ, ಪೆಟ್ರೋಲಿನ ಷೆವ್ರೊಲೆ, ಫೋರ್ಡ್, ಫಾರ್ಗೊಗಳು ಕ್ರಮೇಣ ಹಿಂದೆ ಸರಿದವು. ಆದರೂ ವಿಷಯ ಹಳತಾಗಿಲ್ಲ. ಹಳೆಯ ಲಾರಿಯನ್ನು ಅಕ್ಕರೆಯಿಂದ ಉಳಿಸಿಕೊಂಡವರಿಗಷ್ಟೇ ಅಲ್ಲ, ಸೀಮೆಎಣ್ಣೆ ಎಂಜಿನು ಕಟ್ಟಿಕೊಂಡು ಕಡಲಿಗಿಳಿಯುವ ಮರವಂತೆ, ಉಪ್ಪುಂದದ ನಾಡದೋಣಿಯವರಿಗೂ ಈ ತತ್ತ್ವ ಬೇಕಾದದ್ದೇ.

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಗಾಳಿ ಸಾಲದಾದಾಗ ಇಂಗಾಲದ ಒಂದಂಶ ಮಸಿಯಾಗುತ್ತದೆ, ಮತ್ತೊಂದಂಶ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಗಾಲದಲ್ಲಿ ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನು ಓಡಿಸಿದರೆ ಜೀವಕ್ಕೇ ಅಪಾಯ. ಉರಿಯದೆ ಉಳಿದ ಪೆಟ್ರೋಲಾದರೋ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ ಎಣ್ಣೆಯನ್ನೇ ತೆಳುವಾಗಿಸುತ್ತದೆ. ಪಿಸ್ಟನ್ ರಿಂಗುಗಳು ಬೇಗ ಸವೆಯುತ್ತವೆ.

ಹಾಗಾದರೆ ಮೊದಲು ನೋಡಬೇಕಾದದ್ದು ಯಾವುದು? ಹೊಗೆಯ ಬಣ್ಣ. ನೀಲಿಯಾದರೆ ಎಣ್ಣೆ ಉರಿಯುತ್ತಿದೆ, ಕಾರ್ಬ್ಯುರೇಟರು ನಿರಪರಾಧಿ. ಕಪ್ಪಾದರೆ, ಭಾರದೊಡನೆ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಸಾಲಾಗಿ ಇಡಬೇಕು. ಎಲ್ಲವೂ ಒಣಮಸಿಯಿಂದ ಕಪ್ಪಾಗಿದ್ದರೆ ಮಿಶ್ರಣದ ಮೇಲೆ ಸಂಶಯ ಬಲವಾಗುತ್ತದೆ. ಒಂದೆರಡು ಮಾತ್ರ ಕಪ್ಪಾಗಿದ್ದರೆ ಆ ಸಿಲಿಂಡರುಗಳ ಕಿಡಿಯನ್ನು ವಿಚಾರಿಸಬೇಕು. ಬಳಿಕ ಗಾಳಿಯ ಶೋಧಕವನ್ನು ತೆಗೆದು ಓಡಿಸಿ ನೋಡುವುದು. ಹೊಗೆ ಕಡಮೆಯಾದರೆ ದೋಷ ಅಲ್ಲಿಯೇ ಇದೆ. ಮುರಕಲ್ಲಿನ ಕೆಂಧೂಳು ಅದನ್ನು ಕಟ್ಟಿಸಲು ತಡಮಾಡುವುದಿಲ್ಲ. ಚೋಕಿನ ತಂತಿ ಕಡಲ ಗಾಳಿಗೆ ತುಕ್ಕು ಹಿಡಿದು, ಗುಂಡಿಯನ್ನು ಒಳಗೊತ್ತಿದರೂ ತಗಡು ಅರ್ಧ ಮುಚ್ಚಿಯೇ ಇರುವುದುಂಟು. ಇದನ್ನು ಕಣ್ಣಿನಿಂದಲೇ ನೋಡಬೇಕು, ಗುಂಡಿಯನ್ನು ನಂಬಬಾರದು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕಾರ್ಬ್ಯುರೇಟರನ್ನು ಬಿಚ್ಚಬೇಕು. ಒಳಗಿನ ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಅಲುಗಿಸಿ. ಒಳಗೆ ದ್ರವದ ಸದ್ದು ಕೇಳಿಸಿದರೆ ಅದು ತೂತಾಗಿದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆಗಳೇ ತೂತಿನ ಜಾಗವನ್ನು ತೋರಿಸಿಕೊಡುತ್ತವೆ. ಮುಳುಗಿದ ಫ್ಲೋಟು ಸೂಜಿಯನ್ನು ಮುಚ್ಚಲಾರದು. ಪೆಟ್ರೋಲಿನ ಮಟ್ಟ ಏರಿ, ಎಂಜಿನು ಕೇಳದಿದ್ದರೂ ಸುರಿಯುತ್ತದೆ.

ಇಲ್ಲೊಂದು ಹೊಸ ಸಂಗತಿ. 2025ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡಾ 20ಕ್ಕೆ ಮುಟ್ಟಿತು. ಎಥನಾಲಿಗೆ ಗಾಳಿ ಕಡಮೆ ಸಾಕು, ಕಿಲೋಗ್ರಾಮಿಗೆ ಸುಮಾರು 9 ಕಿಲೋಗ್ರಾಂ. ಆದುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಕೊಂಚ ತೆಳುವಾಗಬೇಕು. ಹಾಗಿದ್ದೂ ಕರಿಹೊಗೆ ಬಂದರೆ ಯಾವುದೋ ಭಾಗ ಕೆಟ್ಟಿದೆಯೆಂದೇ ಅರ್ಥ. ಬೆಂಡಿನ ಫ್ಲೋಟುಳ್ಳ ಬಹು ಹಳೆಯ ಕಾರ್ಬ್ಯುರೇಟರುಗಳ ಗತಿ ವಿಚಿತ್ರ: ಅವಕ್ಕೆ ಬಳಿದ ಅರಗಿನ ಲೇಪವನ್ನು ಎಥನಾಲು ಕರಗಿಸುತ್ತದೆ, ಬೆಂಡು ಪೆಟ್ರೋಲನ್ನು ಹೀರಿ ಭಾರವಾಗಿ ಮುಳುಗುತ್ತದೆ. ಮಿಶ್ರಣವನ್ನು ತೆಳುವಾಗಿಸಬೇಕಾದ ಇಂಧನವೇ ಅದನ್ನು ದಟ್ಟವಾಗಿಸಿತು!

ಘಟ್ಟದ ಮೇಲೆ ದೂರು ಹೊರಿಸುವವರೂ ಇದ್ದಾರೆ. ಬ್ರಹ್ಮಾವರದಿಂದ ಹೆಬ್ರಿಯ ಮೇಲಾಗಿ ಆಗುಂಬೆಗೆ ಏರಿದರೆ ಸುಮಾರು 650 ಮೀಟರು ಎತ್ತರ. ಗಾಳಿಯ ಸಾಂದ್ರತೆ ಶೇಕಡಾ 6ರಷ್ಟು ಇಳಿಯುತ್ತದೆ. ಅದರಿಂದ ಮಿಶ್ರಣ ದಟ್ಟವಾಗುವುದು ಶೇಕಡಾ 3ರಷ್ಟು ಮಾತ್ರ. ಅಷ್ಟಕ್ಕೇ ಲಾರಿ ಮಸಿ ಉಗುಳಲಾರದು.

ಕಡೆಯದಾಗಿ ಜೆಟ್ಟು. ಕಸ ಕಟ್ಟಿತೆಂದು ಅದರ ರಂಧ್ರಕ್ಕೆ ಉಕ್ಕಿನ ತಂತಿ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಿತ್ತಾಳೆ ಮೃದು ಲೋಹ. ರಂಧ್ರದ ವ್ಯಾಸ ಶೇಕಡಾ 5 ಹಿಗ್ಗಿದರೆ ಹಾಯುವ ಪೆಟ್ರೋಲು ಶೇಕಡಾ 10ರಷ್ಟು ಹೆಚ್ಚುತ್ತದೆ, ಜೆಟ್ಟಿನ ಮೇಲಿನ ಅಂಕೆಯಾದರೋ ಹಾಗೆಯೇ ಇರುತ್ತದೆ. ತೊಳೆದು ಗಾಳಿ ಊದಿದರೆ ಸಾಕು. ಒಮ್ಮೆ ತಂತಿ ಕಂಡ ಜೆಟ್ಟನ್ನು ಬದಲಿಸಿಯೇ ಮುಂದಿನ ಪರೀಕ್ಷೆಗೆ ತೊಡಗಬೇಕು.