ಎತ್ತರದ ಹುಡುಗನೋ, ಗುರಿಕಾರನೋ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟುವ ಕಾಲ ಬಂದಿತೆಂದರೆ ಒಂದು ವಾದ ತಪ್ಪಿದ್ದಲ್ಲ. ಷೂಟಿಂಗ್ ಗಾರ್ಡ್ ಸ್ಥಾನಕ್ಕೆ, ಎಂದರೆ ದೂರದಿಂದ ಚೆಂಡನ್ನು ರಿಂಗಿಗೆ ಹಾಕುವುದೇ ಮುಖ್ಯ ಕರ್ತವ್ಯವಾಗುಳ್ಳ ಆಟಗಾರನ ಸ್ಥಾನಕ್ಕೆ, ಯಾವ ಹುಡುಗನನ್ನು ಆರಿಸಬೇಕು? ಸಾಮಾನ್ಯವಾಗಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರ ನೋಡುತ್ತಾರೆ. ಅನಂತರ ಇಪ್ಪತ್ತೋ ಮೂವತ್ತೋ ಎಸೆತ ಹಾಕಿಸಿ ಎಣಿಸುತ್ತಾರೆ. ಈ ಎರಡು ಪರೀಕ್ಷೆಗಳೂ ಅಷ್ಟಾಗಿ ನಂಬತಕ್ಕವಲ್ಲವೆಂದು ನನ್ನ ಅಭಿಪ್ರಾಯ. ಭೌತಶಾಸ್ತ್ರದ ಉಪನ್ಯಾಸಕನಿಗೆ ಆಟದಂಗಳದಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಎಸೆದ ಚೆಂಡು ನ್ಯೂಟನ್ನನ ನಿಯಮಗಳಿಗೆ ಒಳಪಟ್ಟಿರುವವರೆಗೆ ಅವನಿಗೂ ಅಲ್ಲಿ ಸ್ವಲ್ಪ ಕೆಲಸವುಂಟು.

ರಿಂಗು ನೆಲದಿಂದ 3.05 ಮೀಟರು ಎತ್ತರದಲ್ಲಿದೆ. ಅದರ ವ್ಯಾಸ 45 ಸೆಂಟಿಮೀಟರು, ಚೆಂಡಿನದು ಸುಮಾರು 24. ಮೂರಂಕದ ಗೆರೆ 6.75 ಮೀಟರು ದೂರ. ಗಿಡ್ಡ ಹುಡುಗನ ಕೈಯಿಂದ ಚೆಂಡು 2 ಮೀಟರು ಎತ್ತರದಲ್ಲಿ ಬಿಡುಗಡೆಯಾಗುತ್ತದೆಂದೂ ನೀಳಕಾಯದವನ ಕೈಯಿಂದ 2.5 ಮೀಟರಿನಲ್ಲಿ ಬಿಡುಗಡೆಯಾಗುತ್ತದೆಂದೂ ಇಟ್ಟುಕೊಳ್ಳೋಣ. ಗಾಳಿಯ ತಡೆಯನ್ನು ಬಿಟ್ಟು ಗಣಿಸಿದರೆ, ಮೊದಲನೆಯವನಿಗೆ ಬೇಕಾದ ಕನಿಷ್ಠ ವೇಗ ಸೆಕೆಂಡಿಗೆ 8.8 ಮೀಟರು, ಎರಡನೆಯವನಿಗೆ 8.5. ಅರ್ಧ ಮೀಟರು ಎತ್ತರದಿಂದ ಉಳಿತಾಯವಾದುದು ನೂರಕ್ಕೆ ನಾಲ್ಕು ಪಾಲು ಮಾತ್ರ!

ಇನ್ನು ಚೆಂಡು ಇಳಿಯುವ ಕೋನ. ಓರೆಯಾಗಿ ಬರುವ ಚೆಂಡಿಗೆ ರಿಂಗು ದುಂಡಾಗಿ ಕಾಣುವುದಿಲ್ಲ, ಚಪ್ಪಟೆಯಾಗಿ ಕಾಣುತ್ತದೆ. ಕನಿಷ್ಠ ವೇಗದಲ್ಲಿ ಎಸೆದರೆ ಗಿಡ್ಡ ಹುಡುಗನ ಚೆಂಡು ಸುಮಾರು 41 ಡಿಗ್ರಿಯಲ್ಲಿ ಇಳಿಯುತ್ತದೆ. ಆಗ ಅದಕ್ಕೆ ತೆರೆದಿರುವ ದಾರಿ 29 ಸೆಂಟಿಮೀಟರಿನಷ್ಟು. ಎತ್ತರದವನ ಚೆಂಡು ಇಳಿಯುವುದು 43 ಡಿಗ್ರಿಯಲ್ಲಿ. ಆದರೆ ಗಿಡ್ಡ ಹುಡುಗನು ತನ್ನ ಎಸೆತವನ್ನು 49 ಡಿಗ್ರಿಯಿಂದ 54ಕ್ಕೆ ಏರಿಸಿದನೆನ್ನಿ. ಚೆಂಡು 47 ಡಿಗ್ರಿಯಲ್ಲಿ ಇಳಿದು ದಾರಿ ಸುಮಾರು 33 ಸೆಂಟಿಮೀಟರಾಗುತ್ತದೆ. ಇದಕ್ಕೆ ಅವನು ತೆರಬೇಕಾದ ಹೆಚ್ಚಿನ ವೇಗ ನೂರಕ್ಕೆ ಒಂದು ಪಾಲೂ ಇಲ್ಲ. ತಾಯಿತಂದೆಗಳಿಂದ ಬಾರದಿದ್ದುದನ್ನು ಮಣಿಕಟ್ಟಿನ ಅಭ್ಯಾಸದಿಂದ ಪಡೆಯಬಹುದಾಗಿದೆ. ಎದುರಾಳಿಯ ಕೈ ಅಡ್ಡ ಬಂದಾಗ ಎತ್ತರ ಬೇಕೇ ಬೇಕೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಕಮಾನು ಎತ್ತರವಾದ ಎಸೆತವೂ ಆ ಕೈಯನ್ನು ದಾಟುತ್ತದೆ.

ಎರಡನೆಯ ಪರೀಕ್ಷೆ ಇನ್ನೂ ಮೋಸದ್ದು. ನೂರಕ್ಕೆ 40 ಎಸೆತ ಹಾಕಬಲ್ಲವನೊಬ್ಬ, 35 ಹಾಕಬಲ್ಲವನೊಬ್ಬ. ಇಬ್ಬರಿಗೂ ಮೂವತ್ತು ಮೂವತ್ತು ಎಸೆತ ಕೊಟ್ಟರೆ, ಹತ್ತರಲ್ಲಿ ಸುಮಾರು ಮೂರು ಸಲ ಕಡಿಮೆಯವನೇ ಮುಂದಾಗುತ್ತಾನೆಂದು ಸಂಭವಗಣಿತ ಹೇಳುತ್ತದೆ. ಮುನ್ನೂರು ಎಸೆತಗಳಾದರೆ ಆ ಪ್ರಮಾದ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಒಂದು ಬೆಳಗಿನ ಆಯ್ಕೆಯಲ್ಲಿ ಮುನ್ನೂರು ಎಸೆತ ಹಾಕಿಸುವುದು ಅಶಕ್ಯ. ಆದರೆ ವರ್ಷವಿಡೀ ಅಭ್ಯಾಸದಲ್ಲಿ ಬಿದ್ದುದೆಷ್ಟು, ತಪ್ಪಿದುದೆಷ್ಟು ಎಂದು ದೈಹಿಕ ಶಿಕ್ಷಣ ನಿರ್ದೇಶಕರು ಒಂದು ನೋಟುಪುಸ್ತಕದಲ್ಲಿ ಬರೆದಿಡಲು ಅಡ್ಡಿಯೇನು?

ಹುಡುಗನು ತಂಡಕ್ಕೆ ಹೊಂದುವನೇ ಎಂಬುದು ಬೇರೆಯೇ ಪ್ರಶ್ನೆ. ಅಮೆರಿಕದ ವೃತ್ತಿತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. 1984ರ ಡ್ರಾಫ್ಟಿನಲ್ಲಿ ಪೋರ್ಟ್‌ಲೆಂಡ್ ತಂಡಕ್ಕೆ ಎರಡನೆಯ ಸರದಿ. ಹಿಂದಿನ ವರ್ಷವೇ ಕ್ಲೈಡ್ ಡ್ರೆಕ್ಸ್ಲರ್ ಎಂಬ ಷೂಟಿಂಗ್ ಗಾರ್ಡ್ ಅವರಲ್ಲಿಗೆ ಬಂದಿದ್ದನು. ಆದುದರಿಂದ ಅವರು 7 ಅಡಿ ಮೀರಿದ ಸ್ಯಾಮ್ ಬೋವಿಯನ್ನು ಆರಿಸಿಕೊಂಡರು. ಮೂರನೆಯ ಸರದಿಯ ಷಿಕಾಗೋ ತಂಡಕ್ಕೆ ಮೈಕೇಲ್ ಜೋರ್ಡನ್ ದಕ್ಕಿದನು. ಈ ಕಥೆಯನ್ನು ಹೇಳಿ ನಗುವವರು ಬಹಳ. ನನಗೆ ಅಷ್ಟು ನಗು ಬಾರದು. ಖಾಲಿ ಇರುವ ಸ್ಥಾನಕ್ಕೆ ತಕ್ಕವನನ್ನು ಹುಡುಕುವುದು ಮನೆಮನೆಯ ಬುದ್ಧಿ. ಆದರೆ ಹೊಂದಿಕೆಯೆಂದರೆ ಖಾಲಿ ಸ್ಥಾನ ತುಂಬುವುದಷ್ಟೇ ಅಲ್ಲ. 2011ರಲ್ಲಿ ಹನ್ನೊಂದನೆಯವನಾಗಿ ಆಯ್ಕೆಯಾದ ಕ್ಲೇ ಥಾಂಪ್ಸನ್, 2016ರ ಡಿಸೆಂಬರ್ 5ರಂದು 29 ನಿಮಿಷ ಆಡಿ 60 ಅಂಕ ಗಳಿಸಿದನು. ಅಷ್ಟರಲ್ಲಿ ಚೆಂಡು ಅವನ ಕೈಯಲ್ಲಿದ್ದುದು ಒಟ್ಟು ಒಂದೂವರೆ ನಿಮಿಷದಷ್ಟು. ನೆಲಕ್ಕೆ ಪುಟಿಸಿದುದು ಹನ್ನೊಂದೇ ಸಲ. ಸ್ಟೀಫನ್ ಕರಿಯಂಥ ಜೊತೆಗಾರನಿಗೆ ಇಂಥವನೇ ಸರಿಜೋಡಿ. ನಮ್ಮ ಆಯ್ಕೆಗಾರರು ಹುಡುಗನ ಅಂಕಗಳನ್ನು ಎಣಿಸುತ್ತಾರೆ. ಅದಕ್ಕಾಗಿ ಅವನು ಎಷ್ಟು ಹೊತ್ತು ಚೆಂಡನ್ನು ಹಿಡಿದಿದ್ದನೆಂದು ಗಡಿಯಾರ ನೋಡುವವರನ್ನು ನಾನು ಕಂಡಿಲ್ಲ.

ನಮ್ಮ ಸೀಮೆಗೆ ವಿಶೇಷವಾದುದೊಂದಿದೆ. ಇಲ್ಲಿಯ ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಬಯಲು ಅಂಗಳದಲ್ಲಿ ಗಂಟೆಗೆ 7 ಕಿಲೋಮೀಟರಿನ ಅಡ್ಡಗಾಳಿ ಬೀಸಿದರೂ, ಮೂರಂಕದ ಗೆರೆಯಿಂದ ಹೊರಟ ಚೆಂಡು ಸುಮಾರು ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆಂದು ನನ್ನ ಸ್ಥೂಲ ಗಣನೆ. ಆದುದರಿಂದ ಆಷಾಢದಲ್ಲಿ ಹಾಕಿದ ಎಸೆತಗಳಿಗೆ ಆ ನೋಟುಪುಸ್ತಕದಲ್ಲಿ ಬೇರೆ ಪುಟವಿರಲಿ. ಎಸೆದ ಹೊತ್ತನ್ನೂ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತೆಂಬುದನ್ನೂ ಅಂಚಿನಲ್ಲಿ ಬರೆಯಲಿ.